ಗೇಟಿನ ಕಣ್ಣು ಒರೆಸುತ್ತಿದ್ದವರು

ಭದ್ರಾವತಿಯ ಸೇತುವೆ ದಾಟಿದ ಕೂಡಲೇ ಲೈಟು ಕಂಬಕ್ಕೆ ಕಟ್ಟಿದ್ದ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಅವರು ನಗುತ್ತಿದ್ದರು. ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷ ಅವರ ಜೊತೆ ಓಡಾಡಿದವನು ನಾನು. ಅವರ ಹಲ್ಲು ಕಂಡಿದ್ದೆಂದರೆ ವೈರಿನ ಸಿಪ್ಪೆಯನ್ನು ಬಾಯಲ್ಲಿ ಕಚ್ಚಿ ಎಳೆಯುವಾಗ ಮಾತ್ರ. ಸ್ಟುಡಿಯೋದವನು ಇನ್ಯಾರದೋ ನಗು ತಂದು ಅಂಟಿಸಿದ್ದನೋ ಏನೋ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮೃದುಭಾಷಿ, ಸ್ನೇಹಜೀವಿ’ ಅಂತ ಬೇರೆ. ಮೃದುಭಾಷಿಯಂತೆ! ಆ ಮನುಷ್ಯ ಯಾವುದರ ಜೊತೆಗಾದರೂ ಮೃದುವಾಗಿ ಮಾತಾಡಿದ್ದರೆ ಅದು ಮೋಟಾರಿನ ಜೊತೆಗೆ. ಬದುಕಿದ್ದಾಗ ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದವರೇ ಸೇರಿಕೊಂಡು ಆ ಬ್ಯಾನರು ಕಟ್ಟಿಸಿದ್ದರು. ಹಾಗೆ ಆಚೆ ಬದಿಗೆ ಹೋದವರ ಪೈಕಿ ನಾನೂ ಒಬ್ಬ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೆ. ಸ್ವಿಚ್ಚು, ಫ್ಯಾನು ಮಾರಿಕೊಂಡು ಸುಮ್ಮನಿರಬಾರದಿತ್ತೇ? ಇಲ್ಲ. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದವನೊಬ್ಬ ಬಣ್ಣದ ಪುಸ್ತಕ ತೋರಿಸಿದ. ರಿಮೋಟು ಒತ್ತಿದರೆ ತನ್ನಷ್ಟಕ್ಕೆ ತೆರೆಯುವ ಗೇಟು, ಅರ್ಧ ನಿಮಿಷ ಬಿಟ್ಟು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಗೇಟು. ನಾನು ಬಾಯಿ ಬಿಟ್ಟುಕೊಂಡು ನೋಡಿ ಏಜೆನ್ಸಿ ತೆಗೆದುಕೊಂಡೆ. ಕೊಂಡುಕೊಂಡವರು ಯಾರು ಅಂತೀರಿ? ಗೇಟು ತೆಗೆಯಲು ಮನೆಯಲ್ಲಿ ಇಬ್ಬಿಬ್ಬರು ಆಳು ಇರುವವರೇ. ಕಾರಿನೊಳಗೆ ಕೂತು ರಿಮೋಟು ಒತ್ತಿ, ಎದುರುಮನೆಯವರು ಹೊರಗೆ ಬರುವತನಕ ಹಾರ್ನು ಹೊಡೆಯುತ್ತಿದ್ದರು. ಒಬ್ಬರಂತೂ ನೆಂಟರು ಬಂದಾಗಲೆಲ್ಲ ಗೇಟನ್ನು ನಾಲ್ಕು ಸಲ ತೆಗೆದು ಮುಚ್ಚಿ ತೋರಿಸಿ, ಗೃಹಪ್ರವೇಶದ ದಿನವೇ ಮೋಟಾರು ಸುಟ್ಟುಕೊಂಡರು.

ಹಾಳಾದಾಗ ನೋಡುವವರು ಯಾರು? ಟೈಯವನು ಎರಡು ದಿನ ಇದ್ದು ಹೋದವನು ಮತ್ತೆ ಪತ್ತೆ ಇಲ್ಲ. ಆಗ ಯಾರೋ ಈ ಮನುಷ್ಯನ ಹೆಸರು ಹೇಳಿದರು. ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನು ರಿಪೇರಿ ಮಾಡಿಕೊಂಡಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ಅಂಗಡಿಗೆ ಬಂದವರು ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಮೋಟಾರನ್ನು ಒಂದೇ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, “ಏನಿದು, ಆಟದ ಸಾಮಾನಾ?” ಅಂದರು.

“ಇಟಲಿದು ಯಜಮಾನ್ರೇ,” ಅಂದೆ ಜಂಬದಿಂದ.

“ಇಟಲಿಯೋರಿಗೆ ಕೈ ಇಲ್ವಾ?”

ಅಲ್ಲಿಂದ ಶುರುವಾದದ್ದು. ಅವರನ್ನು ಎಲ್ಲರೂ ‘ಫೋರ್ಮನ್’ ಅಂತಲೇ ಕರೆಯಬೇಕಿತ್ತು. ನಿಜ ಹೇಳಬೇಕೆಂದರೆ ಅವರು ಫೋರ್ಮನ್ ಆಗಿರಲೇ ಇಲ್ಲ, ಫಿಟ್ಟರ್ ಆಗಿ ಸೇರಿ ಫಿಟ್ಟರ್ ಆಗಿಯೇ ಹೊರಬಂದವರು. ಕಾರ್ಖಾನೆಯಲ್ಲಿ ಅವರ ಜೊತೆಗಿದ್ದವರೇ ನನ್ನ ಕಿವಿಯಲ್ಲಿ ಹೇಳಿ ಕಿಸಕ್ಕನೆ ನಕ್ಕಿದ್ದರು. ಒಂದು ಸಲ ನಾನೂ ಕೆಣಕಿದೆ: “ನಿಮಗೆ ಪ್ರಮೋಶನ್ ಯಾವಾಗ ಆಯ್ತು?” ಅಂತ. “ಫೋರ್ಮನ್ ಆದೋನು ಕೆಲಸ ಕಲೀಲಿಲ್ಲ, ಕಲ್ತೋನ್ನ ಫೋರ್ಮನ್ ಮಾಡ್ಲಿಲ್ಲ. ನೀನು ಯಾವ್ದಕ್ಕೆ ಮರ್ಯಾದೆ ಕೊಡ್ತೀಯೋ ಕೊಡು ಮಾರಾಯ,” ಅಂದುಬಿಟ್ಟರು. ನಾನು ಬಾಯಿ ಮುಚ್ಚಿಕೊಂಡು ಫೋರ್ಮನ್ ಅಂತಲೇ ಕರೆದೆ.

ಅವರ ಕೆಲಸ ನೋಡುವುದು ನನ್ನಂಥ ಅವಸರದ ಪ್ರಾಣಿಗೆ ಶಿಕ್ಷೆಯಾಗಿತ್ತು. ಮೋಟಾರು ಓಡುತ್ತಿಲ್ಲ ಅಂತ ಕರೆದರೆ ಇವರು ಮೋಟಾರನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ರಿಲೀಸ್ ಕೀ ತಿರುಗಿಸಿ ಮೋಟಾರಿನಿಂದ ಗೇಟನ್ನು ಬಿಡಿಸುವುದು. ಕರೆಂಟು ಹೋದಾಗ ಕೈಯಿಂದ ತೆಗೆಯಲಿ ಅಂತ ಪ್ರತಿ ಮೋಟಾರಿಗೂ ಅಂಥದೊಂದು ಕೀ ಇರುತ್ತದೆ. ಆಮೇಲೆ ಗೇಟನ್ನು ಕಿರುಬೆರಳಲ್ಲಿ ತಳ್ಳಿ ನೋಡುವುದು. ಕಿರುಬೆರಳಿಗೆ ಸರಿಯಲಿಲ್ಲವೋ, ಮುಗಿಯಿತು ಕತೆ. ದಿನವಿಡೀ ಬಿಜಾಗರಿ ಬಿಚ್ಚಿ, ತುಕ್ಕು ಕೆರೆದು, ಗ್ರೀಸು ತುಂಬಿಕೊಂಡು ಕೂರುತ್ತಿದ್ದರು. ಹಳೆಯ ಮನೆಗಳ ಗೇಟುಗಳಂತೂ ಒಂದೊಂದು ಬಾಗಿಲು ಒಂದೊಂದು ಎಮ್ಮೆಯ ತೂಕ. ದಿಬ್ಬದ ಮನೆಗಳಲ್ಲಿ ಇನ್ನೊಂದು ತರಲೆ. ಮಣ್ಣು ಕೆಳಗೆ ಜಾರಿ ಜಾರಿ ಕಲ್ಲಿನ ಕಂಬಗಳು ರಸ್ತೆಯ ಕಡೆ ವಾಲಿರುತ್ತಿದ್ದವು. ಗೇಟು ತೆಗೆಯಬೇಕಾದರೆ ಏರು ಹತ್ತಿಸಿದ ಹಾಗೆ, ಮುಚ್ಚಬೇಕಾದರೆ ತಾನೇ ಧಡಕ್ಕನೆ ಬಂದು ಬಡಿಯುತ್ತಿತ್ತು. ಮೋಟಾರಿನ ಶಕ್ತಿ ಹೆಚ್ಚು ಕಮ್ಮಿ ಮಾಡಲು ಇದ್ದದ್ದು ಒಂದೇ ತಿರುಪು. ತೆಗೆಯಲಿ ಅಂತ ಹೆಚ್ಚಿಸಿದರೆ ಮುಚ್ಚುವಾಗಲೂ ಅದೇ ರಭಸ. ಫೋರ್ಮನ್ನರು ಆ ತಿರುಪನ್ನು ಹೆಚ್ಚಿಸಿದ್ದನ್ನು ನಾನು ನೋಡಿಲ್ಲ. ಕಂಬ ನೆಟ್ಟಗೆ ಮಾಡಿಸಿ ಅನ್ನುತ್ತಿದ್ದರು. ಮನೆಯವರು ನನಗೆ ಫೋನು ಮಾಡಿ, “ಏನ್ರೀ, ಮೋಟಾರ್ ರಿಪೇರಿಗೆ ಕರೆದ್ರೆ ಈ ಮುದುಕ ಕಂಬ ಅಲ್ಲಾಡಿಸ್ತಾ ನಿಂತಿದಾನಲ್ರಿ?” ಅಂತ ಬಯ್ಯುತ್ತಿದ್ದರು.

ಮೋಟಾರಿನ ಡಬ್ಬಿ ತೆಗೆದರೆ ಒಳಗೆ ಹಲ್ಲಿ ಮೊಟ್ಟೆ, ಇರುವೆ ಗೂಡು, ಒಂದೊಂದು ಸಲ ಕಪ್ಪೆ. “ನೋಡಿ ಅಮ್ಮಾ, ನಿಮ್ಮನೇಲಿ ಬಾಡಿಗೆಗಿದಾರೆ,” ಅಂತ ಮನೆಯೊಡತಿಯ ಮುಂದೆ ಹಲ್ಲಿ ಮೊಟ್ಟೆ ಅಂಗೈಯಲ್ಲಿ ಹಿಡಿಯುತ್ತಿದ್ದರು. ಆಕೆ ಕಿರುಚಿಕೊಂಡು ಒಳಗೆ ಓಡಿದರೆ ಇವರಿಗೆ ತೃಪ್ತಿ. ಗಿರಾಕಿಯನ್ನು ಹೇಗೆ ಮಾತಾಡಿಸಬೇಕು ಅನ್ನುವ ತಿಳಿವಳಿಕೆ ಎಳ್ಳಷ್ಟೂ ಇರಲಿಲ್ಲ. ರಿಪೇರಿ ಮುಗಿಸಿ, ಡಾಕ್ಟರೊಬ್ಬರ ಎದುರಿಗೆ, “ಆಯ್ತು ಸ್ವಾಮಿ. ಇನ್ನು ಇಳಿದು ಗೇಟು ತೆಗ್ಯೋ ಕಷ್ಟ ಇಲ್ಲ. ಅದಕ್ಕೇ ಬೆಳಿಗ್ಗೆ ಎದ್ದು ವಾಕಿಂಗ್ ಹೋಗ್ತೀರಲ್ಲ?” ಅಂದಿದ್ದರು. ಡಾಕ್ಟರು ನನಗೆ ಫೋನು ಮಾಡಿ ಹಾರಾಡಿದರು. ನಾನು ಹಲ್ಲು ಗಿಂಜಿ ಕ್ಷಮೆ ಕೇಳಿದೆ. ಇಂಥ ಕ್ಷಮೆ ಕೇಳುವುದೇ ನನಗೆ ಅರ್ಧ ಉದ್ಯೋಗವಾಗಿಬಿಟ್ಟಿತ್ತು.

ಆಯುಧಪೂಜೆಯ ಮಾರನೇ ದಿನ ಮಾತ್ರ ಅವರಿಗೆ ಹಬ್ಬ. ಈ ಗೇಟುಗಳ ಎರಡೂ ಕಂಬಗಳಲ್ಲಿ ಮೊಣಕಾಲಿನ ಎತ್ತರಕ್ಕೆ ಒಂದೊಂದು ಕಪ್ಪು ಗಾಜಿನ ಡಬ್ಬಿ ಇರುತ್ತದೆ. ನಾವು ಅದಕ್ಕೆ ಕಣ್ಣು ಅನ್ನುತ್ತಿದ್ದೆವು. ಒಂದು ಕಣ್ಣಿನಿಂದ ಇನ್ನೊಂದಕ್ಕೆ ಕಾಣದ ಬೆಳಕು ಹೋಗುತ್ತಿರುತ್ತದೆ. ಮಧ್ಯೆ ಮನುಷ್ಯರೋ ದನವೋ ನಿಂತರೆ ಬೆಳಕು ತಡೆಯುತ್ತದೆ, ಗೇಟು ಮುಚ್ಚುವುದಿಲ್ಲ. ನಮ್ಮ ಜನ ಬಿಡುತ್ತಾರೆಯೇ? ಕಾರು, ಸ್ಕೂಟರು, ಮಿಕ್ಸಿ, ಗ್ರೈಂಡರ್ ಎಲ್ಲಕ್ಕೂ ಪೂಜೆಯಾಗುವಾಗ ಗೇಟಿಗೂ ಆಗಬೇಕಲ್ಲ. ಕಂಬದ ಮೇಲೆ ಮುಖದ ಹಾಗೆ ಕಾಣುವುದು ಅದೊಂದೇ. ಆ ಗಾಜಿನ ಮೇಲೆ ಸರಿಯಾಗಿ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟು ಕೈ ಮುಗಿದುಬಿಡುತ್ತಿದ್ದರು. ಮಾರನೇ ಬೆಳಿಗ್ಗೆ ಊರಿನ ಗೇಟುಗಳೆಲ್ಲ ಆ ಅಂತ ಬಾಯಿ ತೆರೆದುಕೊಂಡು ನಿಂತಿರುತ್ತಿದ್ದವು. ನನ್ನ ಅಂಗಡಿಯ ಫೋನು ಕೆಳಗಿಡುವ ಹಾಗಿಲ್ಲ.

ಫೋರ್ಮನ್ನರು ಒಂದು ಒದ್ದೆ ಬಟ್ಟೆ ಹಿಡಿದು ಮನೆಮನೆ ತಿರುಗುತ್ತಿದ್ದರು. ವಿನೋಬನಗರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಅಡ್ಡ ನಿಂತರು. “ಪೂಜೆ ಮಾಡಿದ್ದು ಅಳಿಸ್ತೀಯೇನೋ? ನಿನಗೇನು ದೇವ್ರು ದಿಂಡ್ರು ಇಲ್ವಾ?” ಇವರ ಹಣೆಯ ಮೇಲೂ ಅಷ್ಟೇ ದಪ್ಪ ವಿಭೂತಿ. “ಅಜ್ಜೀ, ನೀವು ಕಣ್ಣಿಗೆ ಬಳಿದಿದೀರ. ಶಿವನಿಗಾದ್ರೂ ಹಣೆಗೆ ತಾನೇ ಹಚ್ಚೋದು? ಇದರ ಹಣೆ ಇಲ್ಲಿದೆ ನೋಡಿ,” ಅಂತ ಕಣ್ಣು ಒರೆಸಿ, ಅಜ್ಜಿಯ ಬಟ್ಟಲಿನಿಂದಲೇ ವಿಭೂತಿ ತೆಗೆದುಕೊಂಡು ಡಬ್ಬಿಯ ಮೇಲ್ಭಾಗಕ್ಕೆ ಎಳೆದರು. ಗೇಟು ಮುಚ್ಚಿಕೊಂಡಿತು. ಅಜ್ಜಿ ಗೇಟಿಗೆ ಇನ್ನೊಂದು ಸಲ ಕೈ ಮುಗಿದರು. ಏಳು ವರ್ಷದಲ್ಲಿ ಗಿರಾಕಿಯೊಬ್ಬರು ಅವರ ಮೇಲೆ ಖುಷಿಯಾದದ್ದು ಅದೊಂದೇ ಸಲ ಅಂತ ಕಾಣುತ್ತದೆ.

ಪ್ರತಿ ರಿಪೇರಿ ಆದ ಮೇಲೆ ಅವರದೊಂದು ಪದ್ಧತಿ ಇತ್ತು. ಮುಚ್ಚಿಕೊಳ್ಳುತ್ತಿರುವ ಗೇಟಿನ ನಡುವೆ ಮೊದಲು ಕಾಲಿಟ್ಟು ಕಣ್ಣಿನ ಪರೀಕ್ಷೆ. ಆಮೇಲೆ ಕಣ್ಣಿಗೆ ಅಡ್ಡ ಬರದ ಹಾಗೆ ನಿಂತು, ಎರಡು ಬಾಗಿಲು ಕೂಡುವ ಜಾಗದಲ್ಲಿ ತಮ್ಮ ತೋಳನ್ನೇ ಚಾಚುತ್ತಿದ್ದರು. ಗೇಟು ಬಂದು ತೋಳಿಗೆ ತಾಗಿ ಹಿಂದಕ್ಕೆ ಹೋಗಬೇಕು. ಹೋದರೆ ಸಾಮಾನು ಕಟ್ಟುವುದು, ಇಲ್ಲದಿದ್ದರೆ ಮತ್ತೆ ಬಿಚ್ಚುವುದು. ಒಂದು ಸಲ ನನಗೆ, “ನೀನೇ ಮಾರಿದ್ದಲ್ವಾ? ಇಡು ನಿನ್ನ ಕೈ,” ಅಂದರು. ನನಗೆ ಆ ಕ್ಷಣಕ್ಕೆ ಮನೆಯವರ ಹತ್ತಿರ ಮಾತಾಡುವುದು ನೆನಪಾಯಿತು. ಆಮೇಲೂ ಅವರು ಕೇಳಿದಾಗಲೆಲ್ಲ ಏನಾದರೊಂದು ನೆನಪಾಗುತ್ತಿತ್ತು. “ಹೆದರ್ಪುಕ್ಕ,” ಅನ್ನುತ್ತಿದ್ದರು. ಗಿರಾಕಿಗಳ ಎದುರಿಗೇ ಅನ್ನುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಕೂಡುತ್ತಾ ಹೋಯಿತು. ಈ ಮನುಷ್ಯ ಒಂದು ದಿನ ಎಡವಬೇಕು, ಆಗ ನಾನು ನೋಡಬೇಕು ಅಂತ ಮನಸ್ಸಿನಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಭದ್ರಾವತಿಯಲ್ಲಿ ಅವರ ಮನೆಯಿಂದ ಎರಡು ಬೀದಿ ಮೇಲೆ, ದಿಬ್ಬದ ಮೇಲೆ, ಒಂದು ಹಳೆಯ ಕಾಲದ ಬಂಗಲೆ ಇತ್ತು. ಹೊಳೆಹೊನ್ನೂರು ಕಡೆ ಅಕ್ಕಿ ಗಿರಣಿ ಇದ್ದ ಸಾಹುಕಾರರೊಬ್ಬರು ಅದನ್ನು ಕೊಂಡರು. ಬಂಗಲೆಗೆ ಸುಣ್ಣ ಬಣ್ಣ ಆಗುವ ಮೊದಲೇ ಗೇಟಿಗೆ ಮೋಟಾರು ಬಂತು. ನಾನೇ ಮಾರಿದ್ದು. ವಾಲಿದ ಕಂಬ, ಎರಕದ ಕಬ್ಬಿಣದ ಗೇಟು. ಫೋರ್ಮನ್ನರು ಹದಿನೈದು ದಿನ ಅದರ ಜೊತೆ ಗುದ್ದಾಡಿ ಹೇಗೋ ದಾರಿಗೆ ತಂದಿದ್ದರು.

ಆ ಮನೆಗೆ ಬೆಳಗಿನ ಕೆಲಸಕ್ಕೆ ಬರುತ್ತಿದ್ದವಳು ಸೆಲ್ವಮ್ಮ. ಅವಳ ಗಂಡ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುವುದು ಅವಳ ಮೊದಲ ಕೆಲಸ. ಗೇಟಿನಾಚೆ ರಸ್ತೆಗೆ ಇಳಿಜಾರು, ಹಾಕಿದ ರಂಗೋಲಿ ನೀರಿನ ಜೊತೆ ಹರಿದು ಚರಂಡಿಗೆ ಹೋಗುತ್ತಿತ್ತು. ಸಮತಟ್ಟಾಗಿದ್ದದ್ದು ಎರಡು ಕಂಬಗಳ ನಡುವಿನ ಹಾಸುಗಲ್ಲು ಒಂದೇ. ಹಾಗಾಗಿ ಅವಳು ಗೇಟು ಬಂದು ಕೂಡುವ ಗೆರೆಯ ಮೇಲೆಯೇ, ಮನೆಗೆ ಬೆನ್ನು ಹಾಕಿ, ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡುತ್ತಿದ್ದಳು. ಸಾಹುಕಾರರು ಕಾರು ತೆಗೆದುಕೊಂಡು ಗಿರಣಿಗೆ ಹೊರಡುವುದೂ ಅದೇ ಹೊತ್ತಿಗೆ. ಅವಳು ಎದ್ದು ದಾರಿ ಕೊಟ್ಟು, ಕಾರು ಹೋದ ಮೇಲೆ ಮತ್ತೆ ಬಂದು ಕೂರುತ್ತಿದ್ದಳು. ಅವಳು ಕೂತಿರುವವರೆಗೂ ಕಣ್ಣಿಗೆ ತಡೆ, ಗೇಟು ತೆರೆದೇ ಇರುತ್ತಿತ್ತು. ಬೀದಿ ದನ ನುಗ್ಗಿ ಕ್ರೋಟನ್ ಗಿಡ ತಿಂದವು. ಸಾಹುಕಾರರಿಗೆ ಪಿತ್ತ ನೆತ್ತಿಗೇರಿತು.

ಫೋರ್ಮನ್ನರನ್ನು ಕರೆಸಿ, “ಆ ಕಣ್ಣು ಕಿತ್ತಾಕ್ರಿ. ಅವಳು ಎದ್ದು ಹೋಗ್ತಾಳೆ, ಅವಳಿಗೇನು ಕಾಲಿಲ್ವಾ?” ಅಂದರಂತೆ.

“ಹತ್ತು ನಿಮಿಷ ಗೇಟು ತೆಗೆದಿದ್ರೆ ಏನಾಗುತ್ತೆ ಸಾಹುಕಾರ್ರೇ? ತ್ಯಾವರೆಕೊಪ್ಪದ ಸಫಾರಿಯಿಂದ ಹುಲಿ ಬರುತ್ತಾ?”

“ಹೇಳಿದಷ್ಟು ಮಾಡ್ರಿ.”

“ಗೇಟು ಬೇಕಾದ್ರೆ ಕಿತ್ತು ಕೊಡ್ತೀನಿ. ಕಣ್ಣು ಕೀಳಲ್ಲ,” ಅಂತ ಸಾಮಾನು ಎತ್ತಿಕೊಂಡು ಬಂದುಬಿಟ್ಟರು.

ಸಾಹುಕಾರರು ನನಗೆ ಫೋನು ಮಾಡಿದರು. ಅವರ ಭಾಮೈದ ಶಿವಮೊಗ್ಗದಲ್ಲಿ ಹೊಸ ಲೇಔಟು ಮಾಡುತ್ತಿದ್ದನಂತೆ, ಹನ್ನೆರಡು ಮನೆಗೂ ಇಂಥದೇ ಗೇಟಂತೆ. ಅಷ್ಟು ಸಾಕಾಯಿತು ನನಗೆ. ಮಧ್ಯಾಹ್ನದ ಊಟ ಮುಗಿಸಿ ಸ್ಕೂಟರು ಹತ್ತಿದೆ. ಸೆಲ್ವಮ್ಮ ಬೆಳಿಗ್ಗೆಯೇ ಕೆಲಸ ಮುಗಿಸಿ ಹೋಗಿದ್ದಳು. ಸಾಹುಕಾರರು ಪಕ್ಕದಲ್ಲಿ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದರು. ಮೋಟಾರಿನ ಡಬ್ಬಿ ತೆಗೆದು, ಕಣ್ಣಿನಿಂದ ಬರುವ ವೈರು ಕೂಡುವ ಎರಡು ತಿರುಪುಗಳ ನಡುವೆ ಬೆರಳುದ್ದದ ವೈರಿನ ತುಂಡು ಸುತ್ತಿದೆ. ಇನ್ನು ಎದುರಿಗೆ ಯಾರು ನಿಂತರೂ ಕಣ್ಣಿಗೆ ಕಾಣದ ಹಾಗೆಯೇ ಲೆಕ್ಕ. ಗೇಟು ತೆಗೆಯುವಾಗ ತಿಣುಕುತ್ತಿತ್ತು, ಅದಕ್ಕೇ ಶಕ್ತಿಯ ತಿರುಪನ್ನೂ ಕೊನೆಯವರೆಗೆ ತಿರುಗಿಸಿದೆ. ನಾಲ್ಕು ನಿಮಿಷದ ಕೆಲಸ. “ಇದಕ್ಕೆ ಆ ಯಪ್ಪ ಎಷ್ಟು ಆಟ ಆಡ್ದ ನೋಡಿ,” ಅಂದರು ಸಾಹುಕಾರರು. ಇಬ್ಬರೂ ನಕ್ಕೆವು. ಗೇಟಿನ ನಡುವೆ ಕೈ ಇಟ್ಟು ನೋಡುವ ಮಾತು ನನ್ನ ತಲೆಗೆ ಬರಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದಿತ್ತು, ಕೈ ಮಾತ್ರ ಇಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾರು ಹೋದ ಮೇಲೆ ಸೆಲ್ವಮ್ಮ ಎಂದಿನ ಹಾಗೆ ಬಂದು ಕೂತಿದ್ದಾಳೆ. ಹಿಂದಿನಿಂದ ಗೇಟು ಬಂದಿದೆ. ತಾನು ಕೂತಿದ್ದರೆ ಅದು ನಿಲ್ಲುತ್ತದೆ ಅನ್ನುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಶಬ್ದ ಕೇಳಿಯೂ ತಿರುಗಿ ನೋಡಿಲ್ಲ. ಬೆನ್ನಿಗೆ ಬಡಿದು ಇಳಿಜಾರಿಗೆ ಉರುಳಿಸಿತು. ಬಲಗೈ ಊರಿಕೊಂಡು ಬಿದ್ದಳು, ಮುಂಗೈ ಮೂಳೆ ಮುರಿಯಿತು. ಹಾಲು ತರಲು ಸೈಕಲ್ಲಿನಲ್ಲಿ ಬರುತ್ತಿದ್ದ ಫೋರ್ಮನ್ನರೇ ಅವಳನ್ನು ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸ್ಸು ಬಂದು ಡಬ್ಬಿ ತೆಗೆದು ನೋಡಿದರು. ವೈರನ್ನು ಮುಟ್ಟಲಿಲ್ಲ. ಎರಡೂ ಮೋಟಾರಿನಿಂದ ಗೇಟು ಬಿಡಿಸಿ, ಅದು ತಾನಾಗಿ ಮುಚ್ಚಿಕೊಳ್ಳದ ಹಾಗೆ ಒಂದೊಂದು ಬಾಗಿಲಿಗೂ ಒಂದೊಂದು ಸೈಜುಗಲ್ಲು ಒತ್ತಿಟ್ಟು, ರಿಲೀಸ್ ಕೀಗಳನ್ನು ಜೇಬಿಗೆ ಹಾಕಿಕೊಂಡು ಹೋದರು.

ಸಾಹುಕಾರರ ಮನೆಯಲ್ಲಿ ಆ ಭಾನುವಾರ ಮಗಳ ನಿಶ್ಚಿತಾರ್ಥ. ಬೀಗರು ಬರುವಾಗ ಗೇಟು ತನ್ನಷ್ಟಕ್ಕೆ ತೆರೆಯಬೇಕು. ಈಗ ರಿಮೋಟು ಒತ್ತಿದರೆ ಮೋಟಾರು ಗುರ್ ಅನ್ನುತ್ತದೆ, ಗೇಟು ಅಲ್ಲಾಡುವುದಿಲ್ಲ. ಎರಡನ್ನೂ ಮತ್ತೆ ಕೂಡಿಸಲು ಆ ಕೀಗಳೇ ಬೇಕು. ಕೀ ಕೇಳಿದರೆ ಫೋರ್ಮನ್ನರು, “ಡಬ್ಬೀಲಿರೋ ವೈರು ಎಲ್ರ ಎದುರಿಗೆ ತೆಗೆಸಿ, ಕೊಡ್ತೀನಿ,” ಅಂದರಂತೆ. ಸುಮ್ಮನೆ ತಾವೇ ತೆಗೆದುಬಿಟ್ಟರೆ ಮಾರನೇ ದಿನ ಮತ್ತೆ ಯಾರೋ ಹಾಕುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಸಾಹುಕಾರರು ಕಳ್ಳತನ ಅಂತ ಪೊಲೀಸು ಕಂಪ್ಲೇಂಟು ಕೊಟ್ಟರು. ಶುಕ್ರವಾರ ಬೆಳಿಗ್ಗೆ ನನಗೂ ಸ್ಟೇಷನ್ನಿನಿಂದ ಕರೆ ಬಂತು.

ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು, ಸಾಧು. ಸಾಹುಕಾರರು ಕುರ್ಚಿಯಲ್ಲಿ, ನಾನು ಬೆಂಚಿನಲ್ಲಿ. ಫೋರ್ಮನ್ನರು ಯಥಾಪ್ರಕಾರ ನಿಂತೇ ಇದ್ದರು. ಕೀಗಳು ಅವರ ಮುಷ್ಟಿಯಲ್ಲಿದ್ದವು.

“ಒಬ್ಬ ಹೆಂಗಸಿನ ಕೈ ಮುರಿದಿದೆ. ಡಬ್ಬೀಲಿ ವೈರು ತಪ್ಪು ಹಾಕಿದೆ ಅಂತ ಇವ್ರು ಹೇಳ್ತಾರೆ. ಹಾಕಿದ್ದು ಯಾರು?” ಅಂತ ಇನ್ಸ್‌ಪೆಕ್ಟರು ಕೇಳಿದರು.

ಸಾಹುಕಾರರು ನನ್ನ ಕಡೆ ನೋಡಿದರು. “ನನಗೆ ಅದೆಲ್ಲ ಎಲ್ಲಿ ತಿಳಿಯುತ್ತೆ ಸ್ವಾಮಿ? ರಿಪೇರಿಯೋರು ಇವ್ರು. ಇವ್ರನ್ನೇ ಕೇಳಿ,” ಅಂದರು.

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ಹನ್ನೆರಡು ಮನೆ, ಏಜೆನ್ಸಿ, ಊರಲ್ಲಿ ಮರ್ಯಾದೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. “ನಮ್ಮ ಅಂಗಡಿ ಕಡೆಯಿಂದ ಗೇಟಿನ ರಿಪೇರಿ ಎಲ್ಲ ಇವ್ರೇ ನೋಡ್ಕೊಳ್ಳೋದು ಸಾರ್,” ಅಂದೆ. ನೋಡಿ ನನ್ನ ಜಾಣತನ! ಒಂದೊಂದು ಪದ ತೆಗೆದು ನೋಡಿದರೂ ಅದರಲ್ಲಿ ಸುಳ್ಳಿಲ್ಲ.

ಫೋರ್ಮನ್ನರು ತಿರುಗಿ ನನ್ನನ್ನು ನೋಡಿದರು. ಈಗ ಹೆದರ್ಪುಕ್ಕ ಅನ್ನುತ್ತಾರೆ, ಎಲ್ಲ ಹೊರಗೆ ಬರುತ್ತದೆ ಅಂದುಕೊಂಡೆ. ಆದರೆ ಅವರು ಇನ್ಸ್‌ಪೆಕ್ಟರ ಕಡೆ ತಿರುಗಿ, “ಸಾರ್, ಯಾರು ಹಾಕಿದ್ದು ಅನ್ನೋದು ಆಮೇಲಿರ್ಲಿ. ಆ ವೈರು ತೆಗೆಸ್ತೀರಾ ಇಲ್ವಾ, ಅದು ಹೇಳಿ,” ಅಂದರು.

“ತಪ್ಪು ಯಾರ್ದು ಅಂತ ಆಗ್ದೆ ನಾನು ಏನು ಬರೀಲಿ ಯಜಮಾನ್ರೇ? ಒಬ್ರು ತಪ್ಪಾಯ್ತು, ಸರಿ ಮಾಡಿ ಕೊಡ್ತೀನಿ ಅಂತ ಮುಚ್ಚಳಿಕೆ ಬರ್ಕೊಟ್ರೆ ಈಗ್ಲೇ ಕಾನ್‌ಸ್ಟೇಬಲ್ ಕಳಿಸಿ ಸರಿ ಮಾಡಿಸ್ತೀನಿ. ಇಲ್ಲಾಂದ್ರೆ ಕೇಸು. ಕೇಸಾದ್ರೆ ಅದರ ಪಾಡಿಗೆ ಅದು ನಡೀತಾ ಇರುತ್ತೆ. ಇವ್ರು ಬೇರೆ ಯಾರನ್ನೋ ಕರೆಸಿ ಗೇಟು ಓಡಿಸ್ಕೊಳ್ತಾರೆ.”

“ಆ ಹೆಂಗಸಿನ ಜಾಗಕ್ಕೆ ಇವತ್ತಿಂದ ಅವ್ಳ ತಂಗಿ ಬರ್ತಿದಾಳೆ ಸಾರ್. ಅವಳೂ ಅಲ್ಲೇ ಕೂತ್ಕೊಳ್ಳೋದು,” ಅಂದರು ಫೋರ್ಮನ್ನರು. ಮುಷ್ಟಿಯಲ್ಲಿದ್ದ ಕೀಗಳನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಕಾಗದ ಕೊಡಿ,” ಅಂದರು.

ಮೇಜಿಗೆ ಬಗ್ಗಿ, ನಿಂತುಕೊಂಡೇ ಬರೆದರು. ವೈರನ್ನು ತಪ್ಪಾಗಿ ಹಾಕಿದ್ದು ತಾನು, ಇವತ್ತೇ ತೆಗೆದು ಕಣ್ಣು ಸರಿ ಮಾಡಿ ಕೊಡುತ್ತೇನೆ, ಇನ್ನು ಮೇಲೆ ಗೇಟಿನ ಕೆಲಸಕ್ಕೆ ಹೋಗುವುದಿಲ್ಲ. ಕೊನೆಯ ಮಾತು ಸಾಹುಕಾರರು ಕೇಳಿ ಬರೆಸಿದ್ದು. ಫೋರ್ಮನ್ನರು ತಮ್ಮದೂ ಒಂದು ಸಾಲು ಸೇರಿಸಿದರು: ಈ ಮನೆಯ ಗೇಟಿನ ಕಣ್ಣನ್ನು ಮುಂದೆಂದೂ ತೆಗೆಸುವುದಿಲ್ಲ ಅಂತ ಮನೆಯ ಯಜಮಾನರು ಒಪ್ಪಿದ್ದಾರೆ. ಸಾಹುಕಾರರು ಕೊಸರಾಡಿದರು. ಇನ್ಸ್‌ಪೆಕ್ಟರು ಪೆನ್ನು ಮುಂದೆ ಹಿಡಿದರು. ಹಾಗೆ ಇಬ್ಬರ ರುಜು ಬಿತ್ತು. ನನ್ನ ರುಜು ಯಾರಿಗೂ ಬೇಕಾಗಿರಲಿಲ್ಲ.

ಹೊರಗೆ ನಾನು ಸ್ಕೂಟರಿನ ಹತ್ತಿರ ನಿಂತಿದ್ದೆ. ಕಾನ್‌ಸ್ಟೇಬಲ್ಲಿನ ಜೊತೆ ಹೊರಟವರು ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತರು.

“ಎಡಗೈಯೋರು ಸುತ್ತಿದ ವೈರು ಬಿಚ್ಚೋದು ಸ್ವಲ್ಪ ಕಷ್ಟ ಮಾರಾಯ. ಉಲ್ಟಾ ತಿರುಗಿಸ್ಬೇಕು,” ಅಂದರು.

ನಾನು ಎಡಗೈಯವನು. ಅವರಿಗೆ ಡಬ್ಬಿ ತೆಗೆದ ದಿನವೇ ಗೊತ್ತಾಗಿತ್ತು.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ತೆರೆದ ಗೇಟಿನಲ್ಲಿ ಬೀಗರು ಬಂದರು. ಹನ್ನೆರಡು ಮನೆಗೂ ನಾನೇ ಗೇಟು ಹಾಕಿಸಿದೆ. ‘ಫೋರ್ಮನ್ ವೈರು ತಪ್ಪು ಹಾಕಿ ಕೆಲಸದವಳ ಕೈ ಮುರಿದನಂತೆ’ ಅನ್ನುವುದು ಭದ್ರಾವತಿಯ ಹೋಟೆಲುಗಳಿಂದ ಹೊರಟು ಶಿವಮೊಗ್ಗದ ನನ್ನ ಅಂಗಡಿಗೆ ವಾರದೊಳಗೆ ಬಂದು ಮುಟ್ಟಿತು. ಗಿರಾಕಿಗಳು ಹೇಳುವಾಗ ನಾನು “ವಯಸ್ಸಾಯ್ತಲ್ಲ” ಅನ್ನುತ್ತಿದ್ದೆ. ಮೂವತ್ತು ವರ್ಷ ಕ್ರೇನು ನೋಡಿಕೊಂಡವರು, ಒಬ್ಬರ ಉಗುರಿಗೂ ಗಾಯ ಮಾಡದವರು, ಮನೆಯ ಜಗಲಿಯಲ್ಲಿ ಕೂತು ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿಕೊಂಡಿದ್ದರಂತೆ. ಅದನ್ನೂ ತರುವವರು ಕಮ್ಮಿಯಾ‌ದರಂತೆ. ಅವರ ಹೆಸರು ಕೆಟ್ಟದ್ದು ನನ್ನಿಂದ. ಅವರು ಎಡವಬೇಕು ಅಂತ ಕಾದಿದ್ದೆನಲ್ಲ, ಅವರಾಗಿ ಎಡವಲಿಲ್ಲ, ನಾನೇ ಕಾಲು ಕೊಟ್ಟೆ.

ಒಂದೇ ಒಂದು ಸಲ ಬಸ್ಸಿನಲ್ಲಿ ಸಿಕ್ಕಿದ್ದರು. ನಾನು ಕಿಟಕಿಯ ಹೊರಗೆ ನೋಡುವ ನಾಟಕ ಮಾಡಿದೆ. ಇಳಿಯುವಾಗ ಅವರೇ ನನ್ನ ಸೀಟಿನ ಹತ್ತಿರ ಬಗ್ಗಿ, “ಹನ್ನೆರಡಕ್ಕೂ ಕಣ್ಣು ಇದೆಯಾ?” ಅಂದರು. “ಇದೆ,” ಅಂದೆ. ತಲೆಯಾಡಿಸಿ ಇಳಿದು ಹೋದರು. ನಿಜವಾಗಿಯೂ ಇತ್ತು. ಆಮೇಲೆ ನಾನು ಹಾಕಿಸಿದ ಒಂದೊಂದು ಗೇಟಿನ ನಡುವೆಯೂ ನನ್ನ ತೋಳಿಟ್ಟು ನೋಡಿದ್ದೇನೆ. ಇದನ್ನು ಹೇಳಿ ನನಗೆ ನಾನೇ ಹಾರ ಹಾಕಿಕೊಳ್ಳುತ್ತಿಲ್ಲ. ಹೇಳಬೇಕಾದ ಕಡೆ ಬಾಯಿ ಬಿಡಲಾರದವನು ಕೈ ಚಾಚಿದರೆಷ್ಟು, ಬಿಟ್ಟರೆಷ್ಟು?

ಅವರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಗೆ ಹೋದೆ. ಹೋಗಬಾರದು ಅಂದುಕೊಂಡೇ ಹೋದೆ. ಚಿಕ್ಕ ಮನೆ, ಅಂಗಳದಲ್ಲಿ ಶಾಮಿಯಾನ. ಒಬ್ಬೊಬ್ಬರೇ ಎದ್ದು ಅವರ ಗುಣಗಾನ ಮಾಡುತ್ತಿದ್ದರು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ನಾನು ಫೋಟೋ ಇಟ್ಟಿದ್ದ ಮೂಲೆಗೆ ಹೋಗಿ ನಿಂತೆ. ಆಗ ಸೆಲ್ವಮ್ಮ ಬಂದಳು. ಕೈಯಲ್ಲಿ ಒಂದು ಮೊಳ ಸೇವಂತಿಗೆ. ಅವಳ ಬಲ ಮುಂಗೈ ಸ್ವಲ್ಪ ಸೊಟ್ಟಗೇ ಕೂಡಿತ್ತು. ಹೂವನ್ನು ಎಡಗೈಯಲ್ಲಿ ಫೋಟೋಕ್ಕೆ ಹಾಕಿ ಅಲ್ಲೇ ನಿಂತಳು. ನನ್ನ ಗುರುತು ಹಿಡಿದಳು. ಗೇಟು ಮಾರಿದ ಅಂಗಡಿಯ ಸಾರ್ ಅಂತ.

“ಸಾರ್, ನಂಗೆ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು ಇವ್ರೇ. ನನ್ನ ಅಪ್ಪನ ಥರ ಅಂದ್ಕೊಂಡಿದ್ದೆ. ಆಮೇಲೆ ಎಲ್ರೂ ಹೇಳಿದ್ರು, ಕೈ ಮುರಿಸಿದ್ದೂ ಇವ್ರೇ ಅಂತ. ಸ್ಟೇಷನ್ನಲ್ಲಿ ಬರ್ದು ಕೊಟ್ರಂತಲ್ಲಾ ಸಾರ್. ನಂಗೆ ಹೊಟ್ಟೇಲಿ ಬೆಂಕಿ ಬಿದ್ದಂಗಾಯ್ತು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಎರಡು ಸಲ ನಮ್ಮ ಮನೆ ತನ್ಕ ಬಂದ್ರು ಸಾರ್ ನನ್ನ ಕೈ ನೋಡಕ್ಕೆ, ಹಣ್ಣು ಹಿಡ್ಕೊಂಡು. ನಾನು ಒಳ್ಗೇ ಇದ್ದೆ, ಬಾಗ್ಲು ತೆಗೀಲಿಲ್ಲ. ಹೊರ್ಗೆ ನಿಂತ್ಕೊಂಡಿದ್ರು ತುಂಬ ಹೊತ್ತು.”

ನಾನು ಫೋಟೋ ನೋಡಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

“ಈಗ ಹೋಗ್ಬಿಟ್ರಲ್ಲಾ. ಕೋಪ ಇಟ್ಕೊಂಡು ಏನು ಮಾಡೋದು? ಪಾಪ, ಬೇಕಂತ ಮಾಡಿರ್ತಾರಾ? ಅದಕ್ಕೇ ಇವತ್ತು ಬಂದೆ ಸಾರ್. ನಾನು ಮನ್ನಿಸ್ಬಿಟ್ಟೆ ಅಂತ ಅವ್ರಿಗೆ ಹೇಳಿಬಿಟ್ಟೆ. ಮಾಡಿದ್ದು ಸರಿ ತಾನೇ ಸಾರ್?”

“ದೊಡ್ಡ ಮನಸ್ಸು ನಿಂದು ಸೆಲ್ವಮ್ಮಾ,” ಅಂದೆ.

ಅಷ್ಟರಲ್ಲಿ ಪಂಕ್ತಿಯಲ್ಲಿ ಜಾಗ ಖಾಲಿಯಾಗಿದೆ, ಪ್ರಸಾದಕ್ಕೆ ಬನ್ನಿ ಅಂತ ಯಾರೋ ಕರೆದರು. ಹೋಗಿ ಕೂತೆ.